ಅರವತ್ತು

ನಾನು ಬರೆದದ್ದು ನಲವತ್ತೊಂದು ಸಾಲು.
ಕೇಳಿದ ಮೊತ್ತವನ್ನು ನೋಟುಗಳಾಗಿ ಬಿಡಿಸಿಕೊಡುವ
ಪುಟ್ಟ ಲೈಬ್ರರಿ. ಹೆಸರು ಮಿಯೂಡು,
ಸಂತಾರೇಂ ಪೇಟೆಯಲ್ಲಿ ಮೀನು ಮಾರುವವರು
ಚಿಲ್ಲರೆಗೆ ಅನ್ನುವ ಮಾತು.

ಸಹಕಾರಿ ಬ್ಯಾಂಕಿಗೆ ಇರುವುದು ಒಂದೇ ಯಂತ್ರ,
ದೋಣಿಕಟ್ಟೆಯ ಪಕ್ಕ, ಐಸ್ ಕಾರ್ಖಾನೆಯ ಗೋಡೆಗೆ ಬೆನ್ನು ಕೊಟ್ಟು.
ಅದರ ಹೊಟ್ಟೆಯಲ್ಲಿ ಎರಡೇ ಪೆಟ್ಟಿಗೆ:
ಒಂದರಲ್ಲಿ ಐವತ್ತು, ನೋಟಿನ ಬೆನ್ನಿಗೆ ಚಿರತೆ;
ಇನ್ನೊಂದರಲ್ಲಿ ಇಪ್ಪತ್ತು, ಕೇಸರ ಕೆದರಿದ ಹೊನ್ನಬಣ್ಣದ ಕೋತಿ.
ಹತ್ತರ ಗಿಳಿ ಇಲ್ಲಿಗೆ ಹಾರಿ ಬರುವುದಿಲ್ಲ.
ಐದರ ಬೆಳ್ಳಕ್ಕಿ, ಎರಡರ ಆಮೆ
ಮೀನಂಗಡಿಯ ಒದ್ದೆ ಡಬ್ಬಿಗಳಲ್ಲೇ ಬಾಳುತ್ತವೆ.

ನನ್ನ ನಿಯಮ ಸರಳ:
ದೊಡ್ಡದನ್ನು ಮೊದಲು ತೆಗೆ, ಹಿಡಿಸುವಷ್ಟೂ ತೆಗೆ,
ಉಳಿದದ್ದಕ್ಕೆ ಚಿಕ್ಕದು.
ಅಮ್ಮ ಬುಟ್ಟಿಗೆ ಗೆಣಸು ತುಂಬುವುದೂ ಹೀಗೇ,
ದಪ್ಪನೆಯವು ತಳಕ್ಕೆ, ಸಂದಿಗೆ ಸಣ್ಣವು.
ನೂರಕ್ಕೆ ಎರಡು ಚಿರತೆ. ಎಪ್ಪತ್ತಕ್ಕೆ ಚಿರತೆ ಒಂದು, ಕೋತಿ ಒಂದು.
ನಲವತ್ತಕ್ಕೆ ಕೋತಿಯ ಜೋಡಿ.
ಪರೀಕ್ಷೆಗಳೆಲ್ಲ ಹಸಿರು. ನಾನು ಕಾಫಿ ಕುಡಿದೂ ನಿದ್ದೆಹೋದೆ.

ಹನ್ನೊಂದನೆಯ ದಿನ ಕಾವಲಿನ ಜೆನಿವಾಲ್ದು ಫೋನು ಮಾಡಿದ:
"ಮಗಳೇ, ನಿನ್ನ ಯಂತ್ರಕ್ಕೆ ಅರವತ್ತು ಅಂದರೆ ಆಗಿಬರೋದಿಲ್ಲ.
ನೂರು ಕೇಳಿದರೆ ಕೊಡುತ್ತೆ, ಇನ್ನೂರು ನಗುನಗುತ್ತಾ ಕೊಡುತ್ತೆ.
ಅಲೆಂಕೇರಿನ ದೋಣಿಗೆ ಟಿಕೆಟ್ಟು ಅರವತ್ತೇ ಅಲ್ಲವಾ?
ದೋನಾ ಎವಾಂಜಿಲ್ದಾ ಮೂರು ಸಲ ಒತ್ತಿದಳು.
ತನ್ನ ಖಾತೆಯೇ ಬರಿದಾಯಿತು ಅಂದುಕೊಂಡು
ಒತ್ತಿದ ಗುಂಡಿಗಳನ್ನು ಲಂಗದ ಅಂಚಲ್ಲಿ ಒರೆಸಿ
'ಕ್ಷಮಿಸಪ್ಪಾ' ಅಂದಳು. ಯಂತ್ರಕ್ಕೆ."

ಕೂತು ನೋಡಿದೆ.
ಅರವತ್ತು. ಮೊದಲು ಚಿರತೆ ಹಾರುತ್ತದೆ.
ಉಳಿಯಿತು ಹತ್ತು. ಹತ್ತಕ್ಕೆ ಕೋತಿಯೂ ದೊಡ್ಡದು.
ಚಿರತೆ ಬಾಗಿಲಲ್ಲೇ ಕೂತಿದೆ,
ಒಳಗೆ ಹೋಗೆನ್ನಲು ಯಾರಿಗೂ ನಾನು ಕಲಿಸಿಲ್ಲ.
ಅದರ ಹಿಂದೆ ಸಾವಿರ ಕೋತಿ;
ಮೂರು ಸಾಕಿತ್ತು.

"ಆಮೇಲೆ ಏನಾಯಿತು?" ಅಂದೆ.
"ಏನಾಗೋದು? ನಲವತ್ತು ಒತ್ತು ಅಂದೆ, ಆಮೇಲೆ ಇಪ್ಪತ್ತು ಒತ್ತು ಅಂದೆ. ಬಂತು.
ಎರಡನೇ ಸಲಕ್ಕೆ ಶುಲ್ಕ ಹಿಡಿದರು, ಅದು ಬೇರೆ ಮಾತು.
ಈಗ ಎಲ್ಲರಿಗೂ ಹಾಗೇ ಹೇಳ್ತೀನಿ.
ಎಂಬತ್ತಾದರೆ ನಲವತ್ತು, ನಲವತ್ತು."

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು
ಹನ್ನೊಂದು ದಿನ ಬಿಸಿಲಲ್ಲಿ ನಿಂತು
ನನ್ನ ಸಾಲುಗಳ ಜಾಗದಲ್ಲಿ ತಾನೇ ಓಡುತ್ತಿದ್ದ.

ಆ ರಾತ್ರಿ ಆರು ಸಾಲು ಸೇರಿಸಿದೆ.
ತೆಗೆದದ್ದನ್ನು ಹಿಂದಿಡು. ಒಂದು ಕಡಿಮೆ ತೆಗೆ. ಮತ್ತೆ ಎಣಿಸು.
ಅಷ್ಟೇ. ಇಷ್ಟಕ್ಕೆ ಅಷ್ಟು ಹೊತ್ತು ತಡಕಾಡಿದ್ದು ಯಾಕೋ.
ಕಿಟಕಿಯಾಚೆ ದಿನವೂ ನೋಡುತ್ತೇನೆ:
ಕಟ್ಟೆಗೆ ಹೊಂದದ ದೋಣಿಯನ್ನು ಯಾರೂ ಒತ್ತಿ ತುರುಕುವುದಿಲ್ಲ,
ಹಿಂದಕ್ಕೆ ಬಿಟ್ಟು, ಮೂತಿ ತಿರುಗಿಸಿ, ಬೈಯುತ್ತ
ಮತ್ತೆ ತರುತ್ತಾರೆ.
ಅರವತ್ತರ ಪರೀಕ್ಷೆಗೆ ಎವಾಂಜಿಲ್ದಾ ಎಂದು ಹೆಸರಿಟ್ಟೆ.
ಎಂಬತ್ತರದಕ್ಕೆ ಜೆನಿವಾಲ್ದು.
ನೂರಹತ್ತು ಕೇಳಿ ಇನ್ನೂ ಯಾರೂ ಬಂದಿಲ್ಲ,
ಅದರ ಹೆಸರು ಖಾಲಿ ಇದೆ.

ಮೂವತ್ತು ಮಾತ್ರ ಈಗಲೂ ಆಗುವುದಿಲ್ಲ.
ಎಷ್ಟು ಹಿಂದಿಟ್ಟರೂ, ಎಷ್ಟು ಸಲ ಎಣಿಸಿದರೂ
ಇಪ್ಪತ್ತಕ್ಕೂ ನಲವತ್ತಕ್ಕೂ ನಡುವೆ ಒಂದು ಗುಳಿ.
ಅಲ್ಲಿ 'ಸಾಧ್ಯವಿಲ್ಲ' ಎಂದು ಇದ್ದದ್ದನ್ನು ಅಳಿಸಿ
'ನಿಮ್ಮ ಹಣ ಇದೆ, ನನ್ನ ಹತ್ತಿರ ಚಿಲ್ಲರೆ ಇಲ್ಲ' ಎಂದು ಬರೆದೆ.
ಉದ್ದವಾಯಿತು ಅಂದರು ಬ್ಯಾಂಕಿನವರು.
ನಿಜ, ಪರದೆ ಸಣ್ಣದು, ಕೊನೆಯ ಪದ ಕತ್ತರಿಸಿ ಹೋಗುತ್ತದೆ:
'ನನ್ನ ಹತ್ತಿರ ಚಿಲ್ಲರೆ'
ಎಂದು ಹೇಳಿ ಯಂತ್ರ ಸುಮ್ಮನಾಗುತ್ತದೆ,
ಜನ ಕೈಯೊಡ್ಡಿ ಕಾಯುತ್ತಾರೆ.

ಆ ಒಂದು ಪದವನ್ನು
ಪಕ್ಕದಲ್ಲಿ ನಿಂತ ಜೆನಿವಾಲ್ದು
ಬಾಯಲ್ಲೇ ಹೇಳುತ್ತಾನೆ.